ಸಹಾಯ ಬೇಕು: ಹೇಮಾವತಿ ಲೇಖನಕ್ಕೆ ಯಾವ ಹರಿವಿನ ಅಂಕಿ ಹಾಕೋದು?

ವಿಕಿಪೀಡಿಯದ ಹೇಮಾವತಿ ಲೇಖನದಲ್ಲಿ ಜಗ್ಗಾಟ ನಡೀತಿದೆ. ಒಬ್ಬರು ಗೊರೂರು ಅಣೆಕಟ್ಟೆಯ ಮಳೆಗಾಲದ ಒಳಹರಿವನ್ನೇ ನದಿಯ ಹರಿವು ಅಂತ ಹಾಕ್ತಾರೆ, ಇನ್ನೊಬ್ಬರು ಅಳಿಸಿ ಸಕಲೇಶಪುರದ ಸರಾಸರಿ ಹಾಕ್ತಾರೆ. ಸಕಲೇಶಪುರ ದಾಟಿದ ಮೇಲೆ ಉಪನದಿ ಯಗಚಿ ಬಂದು ಸೇರುತ್ತೆ, ಅಂದಮೇಲೆ ಎರಡು ಅಂಕಿ ತಾಳೆಯಾಗೋದಾದರೂ ಹೇಗೆ?

ಒಳಹರಿವು ನದಿಯಲ್ಲಿ ಅಳೆದದ್ದಲ್ಲ, ಲೆಕ್ಕದಿಂದ ತೆಗೆದದ್ದು. 24 ಗಂಟೆಯಲ್ಲಿ ಸಂಗ್ರಹ ಏರಿದ್ದಕ್ಕೆ ಹೊರಬಿಟ್ಟ ನೀರು, ಆವಿಯಾದದ್ದು ಕೂಡಿಸ್ತಾರೆ. 1 ಟಿಎಂಸಿ (ನೂರು ಕೋಟಿ ಘನ ಅಡಿ) ಏರಿತು ಅಂದರೆ ಸರಾಸರಿ 11,574 ಕ್ಯೂಸೆಕ್ (ಸೆಕೆಂಡಿಗೆ ಘನ ಅಡಿ). ಕಟ್ಟೆ ತುಂಬಿದಾಗ ಗಾಳಿಗೆ ಅಲೆ ಎದ್ದು ಮಟ್ಟದ ಓದು ಒಂದಿಂಚು ತಪ್ಪಿದರೂ ನೂರಾರು ಕ್ಯೂಸೆಕ್ ಹೆಚ್ಚುಕಮ್ಮಿ.

ಸಕಲೇಶಪುರದ ಸರಾಸರಿ ಬರೋದು ನದಿಯ ಮಾಪನ ಕೇಂದ್ರದಿಂದ; ಅದನ್ನೂ ಕಣ್ಣುಮುಚ್ಚಿ ನಂಬೋ ಹಾಗಿಲ್ಲ. ಅಲ್ಲಿ ನೀರಿನ ಮಟ್ಟ ನೋಡಿ, ಹಿಂದೆ ಅಳೆದ ವೇಗದಿಂದ ಕಟ್ಟಿದ ರೇಖೆಯ ಮೇಲೆ ಹರಿವು ಓದ್ತಾರೆ. ಪ್ರವಾಹದಲ್ಲಿ ತಳದ ಮರಳು ಕೊಚ್ಚಿಹೋದರೆ ಆ ರೇಖೆಯೇ ಬದಲಾಗುತ್ತೆ. ಆದರೂ ಲೇಖನಕ್ಕೆ ಇದೇ ವಾಸಿ ಅನ್ನೋದು ನನ್ನ ಅಭಿಪ್ರಾಯ.

ಕೇಂದ್ರ ಜಲ ಆಯೋಗದ ದತ್ತಾಂಶ ಪುಸ್ತಕ ಹಾಸನ, ಚಿಕ್ಕಮಗಳೂರಲ್ಲಿ ಯಾರ ಹತ್ರ ಇದ್ದರೂ ಸಕಲೇಶಪುರದ ಪುಟದ ಫೋಟೊ ಹಾಕಿ. ಮಾಪನ ಕೇಂದ್ರದ ಹೆಸರು, ಜಲಾನಯನ ವಿಸ್ತೀರ್ಣ, ಸರಾಸರಿ ಯಾವ ವರ್ಷದಿಂದ ಯಾವ ವರ್ಷದ್ದು, ಈ ಮೂರೂ ಕಾಣಬೇಕು. ಜಲವರ್ಷ ಜೂನ್‌ನಿಂದ ಮೇ, ಜನವರಿಯಿಂದ ಎಣಿಸಬೇಡಿ. ಪತ್ರಿಕೆಯ ಕತ್ತರಿಕೆ ಬೇಡ.

ಇನ್ನೊಂದು: ಮಾಹಿತಿಚೌಕದ ಕ್ಯೂಮೆಕ್ (ಸೆಕೆಂಡಿಗೆ ಘನ ಮೀಟರ್) ಜಾಗಕ್ಕೆ ಕ್ಯೂಸೆಕ್ ಅಂಕಿ ಹಾಗೇ ತುಂಬಿದರೆ ನದಿ 35 ಪಟ್ಟು ಉಬ್ಬುತ್ತೆ. 35.31ರಿಂದ ಭಾಗಿಸಿಯೇ ಹಾಕಿ.