ಅಪ್‌ಡೇಟ್: ಗ್ರಿಡ್ ಸೀಲಿಂಗ್ ಟೈಲ್ ಕೂರದಿದ್ದುದು ಅಂಚಿನಿಂದ

ಮೇಲಿನ ಬಾತ್‌ರೂಮಿನ ನೀರು ಜಿನುಗಿ ಗ್ರಿಡ್ ಸೀಲಿಂಗಿನ (ಲೋಹದ ಪಟ್ಟಿಗಳ ಚೌಕಗಳಲ್ಲಿ ಟೈಲ್ ಕೂರಿಸಿದ ಸೀಲಿಂಗ್) ನಾಲ್ಕು ಮಿನರಲ್ ಫೈಬರ್ ಟೈಲ್ ಕಂದುಗಟ್ಟಿ ಜೋತುಬಿದ್ದಿವೆ, ಹೊಸ 2 ಅಡಿ ಟೈಲ್ ತಂದರೆ ಕೂರುತ್ತಿಲ್ಲ ಅಂತ ಕೇಳಿದ್ದೆ. ಕೆಲಸ ಮುಗೀತು.

ಮೊದಲನೆಯದಾಗಿ, "2 ಅಡಿ" ಬರೀ ಬಾಯಿಮಾತು. ಗ್ರಿಡ್ (ಒಂದು ಪಟ್ಟಿಯ ನಡುವಿನಿಂದ ಇನ್ನೊಂದರ ನಡುವಿಗೆ) 600 ಮಿ.ಮೀ., ಟೈಲ್ 595. ಆದರೆ ಇಲ್ಲಿ ಎಡವಟ್ಟಾಗಿದ್ದು ಅಂಚಿನಲ್ಲಿ. ಹಳೆಯದು ನೇರ ಅಂಚಿನದು. ತಂದದ್ದು ಮೆಟ್ಟಿಲಂಚಿನದು (ಅಂಚು ಪಟ್ಟಿ ಮೇಲೆ ಕೂತು, ಮುಖ ಪಟ್ಟಿಗಿಂತ ಕೆಳಗಿಳಿಯುವಂಥದು), ಅದೂ 15 ಮಿ.ಮೀ. ಅಗಲದ ಪಟ್ಟಿಗೆ ಮಾಡಿದ್ದು. ಇಲ್ಲಿರೋದು 24 ಮಿ.ಮೀ. ಟಿ-ಪಟ್ಟಿ. ಪಟ್ಟಿಗಳ ನಡುವೆ ಉಳಿಯುವ ಬಾಯಿ 576 ಮಿ.ಮೀ., ಟೈಲಿನ ಕೆಳಮುಖ ಅದಕ್ಕಿಂತ ಅಗಲ. ಹೇಗೆ ತಿರುಗಿಸಿದರೂ ಇಳಿಯಲ್ಲ. ಅಂಗಡಿಗೆ ಹಳೇ ಟೈಲಿನ ಮೂಲೆ ತುಂಡೊಂದು ಒಯ್ದರೆ ಈ ರಗಳೆಯೇ ಇಲ್ಲ.

ಪೈಪಿನ ಜಾಯಿಂಟ್ ಸರಿಮಾಡಿ, ಮೇಲ್ಭಾಗ ಪೂರ್ತಿ ಒಣಗಿದ ಮೇಲೆಯೇ ಹೊಸದು ಹಾಕಿದ್ದು. ಒದ್ದೆ ಟೈಲನ್ನು ಒಂದು ಅಂಚು ಹಿಡಿದು ಎತ್ತಿದರೆ ನಡುವೆ ಮುರಿದು ತಲೆ ಮೇಲೇ ಬೀಳುತ್ತೆ. ಎರಡೂ ಅಂಗೈ ಕೊಟ್ಟು ಮೇಲೆತ್ತಿ, ಓರೆಮಾಡಿ, ಮೂಲೆಯಿಂದ ಮೂಲೆಗೆ ಇಳಿಸಬೇಕು. ಕನ್ನಡಕ, ಮಾಸ್ಕ್ ಬೇಕೇ ಬೇಕು.

ಗೋಡೆ ಪಕ್ಕದ ಟೈಲಿಗೆ ಎರಡೂ ತುದಿಯ ಅಳತೆ ತೆಗೆಯಿರಿ. ಇಲ್ಲಿ ಒಂದು ಕಡೆ 342, ಇನ್ನೊಂದು ಕಡೆ 348 ಬಂತು, ಗೋಡೆ ಅಷ್ಟು ಸೊಟ್ಟ! ಎರಡರಲ್ಲೂ 5 ಕಳೆದು, ಮುಖ ಮೇಲೆ ಮಾಡಿ, ಹೊಸ ಬ್ಲೇಡಿನಿಂದ ಕತ್ತರಿಸಿದ್ದು. ಮೊಂಡು ಬ್ಲೇಡಿಗೆ ಅಂಚು ಹಿಟ್ಟಾಗುತ್ತೆ.

ಬೆವರ ಕೈಗುರುತು ಬೀಳದಿರಲು ಬಿಳಿ ಹತ್ತಿ ಗ್ಲೌಸ್. ಎಲ್‌ಇಡಿ ಪ್ಯಾನೆಲ್ ಬಳಿ ಕೈ ಹಾಕುವ ಮುಂಚೆ ಎಂಸಿಬಿ ಆಫ್.