ಪಬ್ಬಿನಲ್ಲಿ ಜಾಝ್, ಬ್ಲೂಸ್ ಕೇಳಲು ಹೊರಟವರಿಗೆ: ಅನುಭವ ಹಂಚಿಕೆ

ಕೋರಿಕೆ, ಮಂಜೇಶ್ವರದಿಂದ: ಮಂಗಳೂರಿನಲ್ಲಿ ನನ್ನ ಕಚೇರಿಯ ಪಕ್ಕದ ಪಬ್ ಒಂದರಲ್ಲಿ ಪ್ರತಿ ಶನಿವಾರ ರಾತ್ರಿ ಜಾಝ್ ಮತ್ತು ಬ್ಲೂಸ್ ಸಂಗೀತ ಆರಂಭವಾಗಿದೆ. ನನಗೂ ಪತ್ನಿಗೂ ಈ ಸಂಗೀತದ ಪರಿಚಯವಿಲ್ಲ, ಮದ್ಯಪಾನದ ಅಭ್ಯಾಸವೂ ಇಲ್ಲ. ಹೋಗಬಹುದೇ, ಹೋದರೆ ಏನನ್ನು ಗಮನಿಸಿ ಕೇಳಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಕುಂಬಳೆಯಿಂದ: ಖಂಡಿತ ಹೋಗಿ. ತಾಳಮದ್ದಳೆ ಕೇಳಿ ಬೆಳೆದ ನಮ್ಮ ಸೀಮೆಯವರಿಗೆ ಜಾಝ್ ದೂರದ್ದೆಂದು ನನಗೆ ಅನ್ನಿಸಿಲ್ಲ. ಭಾಗವತರ ಪದ್ಯ ಎಲ್ಲರಿಗೂ ತಿಳಿದದ್ದೇ. ಆದರೂ ಅದರ ಚೌಕಟ್ಟಿನೊಳಗೆ ಅರ್ಥಧಾರಿಯೊಬ್ಬರು ಆ ರಾತ್ರಿ ಏನು ಹೇಳುತ್ತಾರೆ, ಎದುರಿನವರು ಅದನ್ನು ಹೇಗೆ ಎತ್ತಿಕೊಳ್ಳುತ್ತಾರೆ ಎಂಬುದಕ್ಕಾಗಿಯೇ ನಾವು ನಿದ್ದೆಗೆಟ್ಟು ಕುಳಿತಿರುತ್ತೇವೆ. ಜಾಝ್ ತಂಡವೂ ಸಾಮಾನ್ಯವಾಗಿ ಮೊದಲು ಮೂಲ ಧಾಟಿಯನ್ನು ಒಟ್ಟಾಗಿ ನುಡಿಸುತ್ತದೆ. ಅನಂತರ ಅದೇ ಧಾಟಿಯ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) ಅದೇ ಕ್ರಮದಲ್ಲಿ ಸುತ್ತು ಸುತ್ತಾಗಿ ಬರುತ್ತಿರುವಾಗ ಸ್ಯಾಕ್ಸೊಫೋನ್, ಪಿಯಾನೊ, ಗಿಟಾರ್ ವಾದಕರು ಸರದಿಯಂತೆ ಆ ಹೊತ್ತಿಗೆ ಹೊಳೆದುದನ್ನು ನುಡಿಸುತ್ತಾರೆ. ಕೊನೆಯಲ್ಲಿ ಧಾಟಿ ಮರಳುತ್ತದೆ. ಆ ಧಾಟಿಯನ್ನು ಮನಸ್ಸಿನಲ್ಲೇ ಗುನುಗುತ್ತಾ ಕೇಳಿದರೆ ವಾದಕರು ಎಷ್ಟು ದೂರ ಹೋದರೂ ನಿಮಗೆ ದಾರಿ ತಪ್ಪುವುದಿಲ್ಲ. ಡ್ರಮ್ ವಾದಕರು ಮತ್ತು ಇತರರು ನಾಲ್ಕು ನಾಲ್ಕು ಆವರ್ತಗಳಂತೆ (ಆವರ್ತವೆಂದರೆ ಇಲ್ಲಿ ‘ಬಾರ್’, ಸಾಮಾನ್ಯವಾಗಿ ನಾಲ್ಕು ಎಣಿಕೆಯ ಅಳತೆ) ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುವ ಭಾಗ ಬಂದಾಗ ಊಟ ಬದಿಗಿಟ್ಟು ಕೇಳಿ. ಒಬ್ಬೊಬ್ಬರ ಸೋಲೋ, ಅಂದರೆ ಒಂಟಿ ಸರದಿ, ಮುಗಿದೊಡನೆ ಚಪ್ಪಾಳೆ ತಟ್ಟುವುದು ಅಲ್ಲಿನ ರೂಢಿ, ಇಡೀ ಕೃತಿ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಕಾಸರಗೋಡಿನಿಂದ: ಮೇಲಿನವರ ಮಾತು ನಿಜವಾದರೂ, ಹೊಸಬರು ಬ್ಲೂಸ್‌ನಿಂದ ಆರಂಭಿಸುವುದು ಮೇಲೆಂದು ನನ್ನ ಅಭಿಪ್ರಾಯ. ಅಮೆರಿಕದ ದಕ್ಷಿಣ ಭಾಗದಲ್ಲಿ ಹೊಲಗಳಲ್ಲಿ ದುಡಿದ ಕರಿಯ ಜನರ ಹಾಡುಗಳಿಂದ ಬೆಳೆದ ಈ ಸಂಗೀತದ ಹೆಚ್ಚು ಪ್ರಚಲಿತ ರೂಪದಲ್ಲಿ ಹನ್ನೆರಡು ಆವರ್ತಗಳೂ ಮೂರು ಕಾರ್ಡ್‌ಗಳೂ ಇರುತ್ತವೆ. ಗಾಯಕರು ಒಂದು ಸಾಲನ್ನು ಎರಡು ಬಾರಿ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಮುಕ್ತಾಯ ಕೊಡುತ್ತಾರೆ. ಸಾಲು ಸಾಲಿನ ನಡುವಿನ ಬಿಡುವಿನಲ್ಲಿ ಗಿಟಾರ್ ಉತ್ತರಿಸುತ್ತದೆ. ಹನ್ನೆರಡರ ಎಣಿಕೆ ಒಮ್ಮೆ ಕಿವಿಗೆ ಸಿಕ್ಕಿತೆಂದರೆ ಜಾಝ್ ಕೇಳುವುದೂ ಸುಲಭವಾಗುತ್ತದೆ, ಏಕೆಂದರೆ ಜಾಝ್‌ನ ಅನೇಕ ಕೃತಿಗಳು ಇದೇ ಚೌಕಟ್ಟಿನ ಮೇಲೆ ನಿಂತಿವೆ. ಗಿಟಾರ್ ವಾದಕರು ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ಸ್ವರವನ್ನು ಏರಿಸುವಾಗ ಅವರ ಕೈಯನ್ನೇ ನೋಡುತ್ತಿರಿ. ಬ್ಲೂಸ್‌ನ ಸಂಕಟವೆಲ್ಲ ಎರಡು ಸ್ವರಗಳ ನಡುವಿನ ಆ ಎಳೆತದಲ್ಲಿದೆ.

ಉಪ್ಪಳದಿಂದ: ನಾನೂ ಪತಿಯೊಂದಿಗೆ ಇಂಥ ಕಾರ್ಯಕ್ರಮಗಳಿಗೆ ಹೋಗುವವಳು. ಮದ್ಯ ಸೇವಿಸದವರನ್ನು ಯಾರೂ ವಿಚಿತ್ರವಾಗಿ ನೋಡಿದ್ದಿಲ್ಲ. ನಿಂಬೆ ಸೋಡಾ ಮತ್ತು ಊಟ ತರಿಸಿಕೊಂಡರೆ ಸಾಕಾಗುತ್ತದೆ. ಪ್ರವೇಶ ಶುಲ್ಕವಿದೆಯೇ, ಅದನ್ನು ಊಟದ ಬಿಲ್ಲಿನಲ್ಲಿ ಕಳೆಯುತ್ತಾರೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಸ್ಪೀಕರಿನ ಎದುರಿನ ಮೇಜನ್ನು ತಪ್ಪಿಸಿ, ವಾದಕರ ಕೈಗಳು ಕಾಣುವಂತೆ ಒಂದು ಪಕ್ಕದಲ್ಲಿ ಕುಳಿತುಕೊಳ್ಳಿ. ಇನ್ನೊಂದು ವಿನಂತಿಯಿದೆ: ಸೋಲೋ ನಡೆಯುತ್ತಿರುವಾಗ ಗಟ್ಟಿಯಾಗಿ ಮಾತನಾಡಬೇಡಿ, ಚಲನಚಿತ್ರಗೀತೆ ನುಡಿಸಿರೆಂದು ಚೀಟಿ ಕಳುಹಿಸಬೇಡಿ. ವಾರವಿಡೀ ಬೇರೆ ಉದ್ಯೋಗ ಮಾಡಿ ಶನಿವಾರ ವಾದ್ಯ ಹಿಡಿಯುವವರೂ ಆ ವೇದಿಕೆಗಳಲ್ಲಿರುತ್ತಾರೆ, ನಾಲ್ಕು ಮೇಜಿನವರು ಮೌನವಾಗಿ ಕೇಳಿದರೂ ಅವರ ವಾದನ ಅರಳುವುದನ್ನು ನಾನು ಕಂಡಿದ್ದೇನೆ.

ಬದಿಯಡ್ಕದಿಂದ: ಹಿಂತಿರುಗುವ ವ್ಯವಸ್ಥೆಯನ್ನು ಮೊದಲೇ ನಿಶ್ಚಯಿಸಿಕೊಳ್ಳಿ, ಏಕೆಂದರೆ ತಲಪಾಡಿ ದಾಟಿ ಬರುವ ಬಸ್ಸುಗಳು ರಾತ್ರಿ ವಿರಳವಾಗುತ್ತವೆ. ಸಹೋದ್ಯೋಗಿಗಳು ಜೊತೆಗಿದ್ದರೆ ಕಾರಿನ ಚಾಲನೆ ನಿಮ್ಮದೇ ಆಗಿರಲಿ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದರೆ ವಾಹನ ಚಲಾಯಿಸುವುದು ಅಪರಾಧ. ಉಳಿದುಕೊಳ್ಳಲು ಮಂಗಳೂರಿನಲ್ಲಿ ಬಂಧುಗಳ ಮನೆಯಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಬಸ್ಸಿನ ಚಿಂತೆಯಿಂದ ಕಾರ್ಯಕ್ರಮದ ಮೊದಲ ಸುತ್ತಿನಲ್ಲೇ ಎದ್ದು ಬರುವವರಿಗೆ, ವಾದಕರ ಕೈ ಚೆನ್ನಾಗಿ ಕುದುರಿದ ಮೇಲಿನ ಎರಡನೆಯ ಸುತ್ತು ದಕ್ಕುವುದಿಲ್ಲ.