ಕೆರೆ ಹೂಳೆತ್ತುವ ಮುಂಚೆ ಯಾರ್ಯಾರನ್ನು ಮಾತಾಡಿಸಬೇಕು?

ಕೇಳಿದ್ದು: ನಮ್ಮೂರ ಕೆರೆಯ ಹೂಳೆತ್ತಲು ಒಂದು ಕಂಪನಿ ದುಡ್ಡು ಕೊಡುತ್ತಿದೆ. ಕೆಲಸ ನೋಡಿಕೊಳ್ಳುವ ಹೊಣೆ ನನ್ನದು. ಪಂಚಾಯಿತಿ ಒಪ್ಪಿದೆ. ಇನ್ನೂ ಯಾರನ್ನಾದರೂ ಕೇಳಬೇಕಾ? ಮಾಡಿ ನೋಡಿದವರು ತಿಳಿಸಿ.

ತುಮಕೂರು ಕಡೆಯಿಂದ:
ಮೊದಲು ಕೆರೆ ಯಾರ ಸುಪರ್ದಿಯಲ್ಲಿದೆ ನೋಡಿ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಉಣ್ಣುವ ಜಮೀನು, 40 ಹೆಕ್ಟೇರ್ ದಾಟಿದ್ದರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯದು. ಆಗ ಪಂಚಾಯಿತಿ ಒಪ್ಪಿಗೆಯೊಂದೇ ಸಾಲದು.

ಆಮೇಲೆ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯವರನ್ನು ಕರೆದುಕೊಂಡು ಏರಿ ಮೇಲೆ ನಡೆಯಿರಿ. ತೂಬು (ಏರಿಯಲ್ಲಿ ನೀರು ಬಿಡುವ ಬಾಗಿಲು) ಎತ್ತಿದರೆ ನೀರು ಯಾರ ಗದ್ದೆಗೆ ಮೊದಲು ಹೋಗುತ್ತದೆ, ಯಾರಿಗೆ ತಲುಪುವುದೇ ಇಲ್ಲ, ಎಲ್ಲ ಅವರಿಗೆ ಗೊತ್ತಿರುತ್ತದೆ. ನಾವು ಹಾಗೆ ಮಾಡಲಿಲ್ಲ. ರೈತರ ಸಭೆ ಮಾಡಿ, ಸಹಿ ಹಾಕಿಸಿ, ಉಳಿದಿದ್ದ ನೀರು ಖಾಲಿ ಮಾಡಲು ತೂಬು ಎತ್ತಿಸಿದೆವು. ಮೀನಿನ ಗುತ್ತಿಗೆ ಹಿಡಿದವರು ಸಾಲ ಮಾಡಿ ಮರಿ ಬಿಟ್ಟಿದ್ದರು. ಸುದ್ದಿ ತಿಳಿದು ಮನೆಮಂದಿಯೆಲ್ಲ ಬಂದು ಜೆಸಿಬಿ ಮುಂದೆ ನಿಂತರು. ಅವರ ಮುಖ ನೋಡಲಾಗಲಿಲ್ಲ. ಕೆಲಸ ನಿಂತಿತು, ಅಷ್ಟರಲ್ಲಿ ಮಳೆ ಹಿಡಿಯಿತು. 'ಮೂರು ವಾರ ಮುಂಚೆ ಹೇಳಿದ್ದರೆ ಮೀನು ಹಿಡಿದು ಮುಗಿಸುತ್ತಿದ್ದೆವು' ಅಂದರು. ಅವರಿಗೆ ಬೇಕಾಗಿದ್ದು ಅಷ್ಟು ಸಮಯ ಮಾತ್ರ. ಗುತ್ತಿಗೆ ಯಾರ ಹೆಸರಲ್ಲಿದೆ, ಯಾವಾಗ ಮುಗಿಯುತ್ತದೆ ಅಂತ ಇವತ್ತೇ ವಿಚಾರಿಸಿ.

ಚಿತ್ರದುರ್ಗದಿಂದ:
ಕೆರೆಯಿಂದ ಎತ್ತಿದ ಗೋಡುಮಣ್ಣು ಯಾರ ಹೊಲಕ್ಕೆ ಅನ್ನುವುದನ್ನು ಮೊದಲೇ ಮಾತಾಡಿ. ನಮ್ಮಲ್ಲಿ ಟ್ರ್ಯಾಕ್ಟರ್ ಇದ್ದವರು ಒಳ್ಳೆ ಮಣ್ಣು ಹೊಡೆದುಕೊಂಡರು. ಒಂದೆರಡು ಎಕರೆಯವರಿಗೆ ಕೊನೆಗೆ ಸಿಕ್ಕಿದ್ದು ಬರೀ ಗರಸು. ಆಮೇಲೆ ಚೀಟಿ ಬರೆದು ಸರದಿ ಮಾಡಿದೆವು, ಆದರೆ ಮನಸ್ಸು ಆಗಲೇ ಮುರಿದಿತ್ತು.

ಕುರಿ ಕಾಯುವವರನ್ನು ಮರೆಯಬೇಡಿ. ಬೇಸಿಗೆಯಲ್ಲಿ ಅವರಿಗೆ ಕೆರೆಯಂಗಳವೇ ಮೇವು. ಅಂಚನ್ನು ಕಡಿದಾಗಿ ಅಗೆದರೆ ಕುರಿ, ದನ ನೀರಿಗೆ ಇಳಿಯಲಾರವು. ಒಂದು ಕಡೆ ಇಳಿಜಾರು ಬಿಡಿ, ಎಲ್ಲಿ ಅಂತ ಅವರೇ ತೋರಿಸಲಿ. ಬೆಳಿಗ್ಗೆ ಹನ್ನೊಂದರ ಸಭೆಗೆ ಅವರು ಬರುವುದಿಲ್ಲ, ಆ ಹೊತ್ತಿಗೆ ಕುರಿ ಜೊತೆ ಇರುತ್ತಾರೆ. ಕತ್ತಲಾದ ಮೇಲೆ ಹಟ್ಟಿಗೆ ನೀವೇ ಹೋಗಿ.

ಕೋಲಾರದಿಂದ:
ಕೆಳಗಿನ ಊರಿನವರನ್ನೂ ಕೂರಿಸಿಕೊಳ್ಳಿ. ನಮ್ಮ ಕಡೆ ಕೆರೆಗಳೆಲ್ಲ ಸರಪಳಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ, ಅಂದರೆ ಹೆಚ್ಚಿನ ನೀರು ಕೋಡಿ ದಾಟಿ ಹೊರಗೆ ಹರಿದರೆ ತಾನೆ ಕೆಳಗಿನದಕ್ಕೆ ನೀರು? ಹೂಳೆತ್ತುವ ಜೊತೆಗೆ ಕೋಡಿಯನ್ನೂ ಒಂದಡಿ ಎತ್ತರಿಸೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಸುಮ್ನೆ ಒಪ್ಪಬೇಡಿ. ಹಿನ್ನೀರಿನ ಅಂಚಿನ ಹೊಲಗಳು ಮುಳುಗುತ್ತವೆ, ಕೆಳಗಿನ ಕೆರೆಗೆ ನೀರು ಹೋಗುವುದು ತಡವಾಗುತ್ತದೆ. ಆ ಹೊಲದವರೂ ಕೆಳಗಿನ ಊರಿನ ಇಬ್ಬರು ಹಿರಿಯರೂ ಕೋಡಿ ಕಲ್ಲಿನ ಹತ್ತಿರವೇ ನಿಂತು ನೋಡಿ ಹೇಳಲಿ, ಆಮೇಲೆ ಅಂದಾಜುಪಟ್ಟಿ ಬರೆಸಿ.